ಡಬ್ಬಕ್ಕೆ ಬಣ್ಣ ಹಾಕಿಸೋ ಮುಂಚೆ: ಆಂಪ್ಲಿಫೈಯರ್ ಬಾಕ್ಸ್ ಮತ್ತು ಪೌಡರ್ ಕೋಟಿಂಗ್

ನಮ್ಮ ಕ್ಯಾಂಪಸ್‌ನಲ್ಲಿ ಆಂಪ್ಲಿಫೈಯರ್ ಕಟ್ಟೋರಿಗೆ ಬರ ಇಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ಗೆ ಒಂದು ಶನಿವಾರ ಹೋಗಿ ಬಂದ್ರೆ ಸಾಕು, ಎಲ್‌ಎಂ3886 ಚಿಪ್, ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ಹೀಟ್ ಸಿಂಕ್ ಎಲ್ಲ ಒಂದೇ ಬ್ಯಾಗ್‌ನಲ್ಲಿ ಬರತ್ತೆ. ಸರ್ಕ್ಯೂಟ್ ಕೆಲಸ ಮಾಡತ್ತೆ, ಸೌಂಡ್ ಕೂಡ ಚೆನ್ನಾಗಿರತ್ತೆ. ಆದ್ರೆ ಎಷ್ಟೋ ಆಂಪ್‌ಗಳು ತಿಂಗಳುಗಟ್ಟಲೆ ಒಂದು ಪ್ಲೈವುಡ್ ಹಲಗೆ ಮೇಲೆ ಬೋರಲು ಬಿದ್ದಿರ್ತವೆ. ಕೊನೆಗೆ ಒಂದು ದಿನ ಯಾರೋ ತಗಡಿನ ಡಬ್ಬ ಮಾಡಿಸ್ತಾರೆ, ಬೆಂಡ್ ಹೊಡೆಸ್ತಾರೆ, ಆಮೇಲೆ ಎಲ್ಲರಿಗೂ ಬರೋ ಆಸೆ ಒಂದೇ: ಅಂಗಡಿಯಿಂದ ತಂದ ಹಾಗೆ ಕಾಣ್ಬೇಕು. ಅದಕ್ಕೆ ಉತ್ತರ ಪೌಡರ್ ಕೋಟಿಂಗ್.

ಕನ್ನಡದಲ್ಲಿ ಇದಕ್ಕೆ ‘ಪುಡಿ ಲೇಪನ’ ಅಂತ ಬರೀಬಹುದು. ಆದ್ರೆ ಪೀಣ್ಯದ ಯಾವ ಶೆಡ್‌ಗೆ ಹೋಗಿ ‘ಪುಡಿ ಲೇಪನ ಮಾಡಿಕೊಡ್ತೀರಾ’ ಅಂತ ಕೇಳಿದ್ರೂ ಮುಖ ಮುಖ ನೋಡ್ತಾರೆ. ಹಾಗಾಗಿ ಪೌಡರ್ ಕೋಟಿಂಗ್ ಅಂತಲೇ ಕರೆಯೋಣ.

ಇದು ಬರೀ ಬಣ್ಣದ ವಿಷಯ ಆಗಿದ್ರೆ ಲೇಖನ ಬರೆಯೋ ಅಗತ್ಯ ಇರ್ಲಿಲ್ಲ. ಫ್ರಿಜ್, ಸೈಕಲ್, ಕಿಟಕಿ ಫ್ರೇಮ್‌ಗೆ ಹಾಕೋ ಕೋಟಿಂಗೇ ಇದು. ಆದ್ರೆ 230 ವೋಲ್ಟ್ ಒಳಗೆ ಬರೋ ಡಬ್ಬಕ್ಕೆ ಹಾಕಿದಾಗ ಮೂರು ವಿಷಯ ಬದಲಾಗತ್ತೆ: ಅರ್ಥಿಂಗ್, ಬಿಸಿ ಮತ್ತು ಅಳತೆ. ಮೊದಲನೆಯದು ಜೀವದ ಪ್ರಶ್ನೆ.

ಪುಡಿ ಹೇಗೆ ಬಣ್ಣ ಆಗತ್ತೆ?

ಮಾಮೂಲಿ ಪೇಂಟ್‌ನಲ್ಲಿ ಬಣ್ಣ ಒಂದು ದ್ರಾವಕದಲ್ಲಿ ಕರಗಿರತ್ತೆ. ಥಿನ್ನರ್ ಆವಿಯಾಗಿ ಹೋದ್ಮೇಲೆ ಉಳಿಯೋದೇ ಪದರ. ಪೌಡರ್ ಕೋಟಿಂಗ್‌ನಲ್ಲಿ ಥಿನ್ನರ್ ಅನ್ನೋದೇ ಇಲ್ಲ. ಎಪಾಕ್ಸಿ ಅಥವಾ ಪಾಲಿಯೆಸ್ಟರ್ ರೆಸಿನ್, ಬಣ್ಣ, ಗಟ್ಟಿ ಮಾಡೋ ಹಾರ್ಡನರ್ ಎಲ್ಲ ಸೇರಿಸಿ, ಕರಗಿಸಿ, ತಣ್ಣಗಾದ ಮೇಲೆ ರುಬ್ಬಿ ಮಾಡಿದ ಪುಡಿ ಅದು. ಒಂದು ಕಣ ಸುಮಾರು 30ರಿಂದ 50 ಮೈಕ್ರಾನ್. ಮುಟ್ಟಿದ್ರೆ ರಂಗೋಲಿ ಪುಡಿಗಿಂತ ನುಣುಪು.

ಈ ಐಡಿಯಾ ಶುರುವಾಗಿದ್ದು 1950ರ ದಶಕದಲ್ಲಿ. ಜರ್ಮನಿಯ ಎರ್ವಿನ್ ಗೆಮ್ಮರ್ ಅನ್ನೋರು ಬಿಸಿ ಮಾಡಿದ ಲೋಹವನ್ನ ಗಾಳಿಯಲ್ಲಿ ತೇಲಾಡೋ ಪುಡಿಯ ತೊಟ್ಟಿಯಲ್ಲಿ ಮುಳುಗಿಸೋ ವಿಧಾನ ಮಾಡಿದ್ರು. ಈಗ ನಾವು ನೋಡೋದು 1960ರ ದಶಕದಲ್ಲಿ ಬಂದ ಎಲೆಕ್ಟ್ರೋಸ್ಟಾಟಿಕ್ ಗನ್. ಗನ್ ತುದಿಯಲ್ಲಿರೋ ಸೂಜಿಯಂಥ ಎಲೆಕ್ಟ್ರೋಡ್‌ಗೆ ಸಾಮಾನ್ಯವಾಗಿ 60ರಿಂದ 100 ಕಿಲೋವೋಲ್ಟ್ ನೆಗೆಟಿವ್ ಕೊಟ್ಟಿರ್ತಾರೆ. ಗಾಬರಿ ಬೇಡ, ಕರೆಂಟ್ ಮೈಕ್ರೋ ಆಂಪಿಯರ್ ಲೆಕ್ಕದಲ್ಲಿರತ್ತೆ. ಸುತ್ತಲಿನ ಗಾಳಿ ಅಯಾನೈಸ್ ಆಗತ್ತೆ, ಅದರ ಮೂಲಕ ಹಾದುಹೋಗೋ ಪುಡಿಗೆ ನೆಗೆಟಿವ್ ಚಾರ್ಜ್ ಹತ್ತತ್ತೆ. ನಮ್ಮ ಡಬ್ಬವನ್ನ ಕೊಕ್ಕೆಗೆ ನೇತುಹಾಕಿ, ಆ ಕೊಕ್ಕೆಯನ್ನ ಅರ್ಥ್ ಮಾಡಿರ್ತಾರೆ. ಚಾರ್ಜ್ ಆದ ಪುಡಿ ಹೋಗಿ ಲೋಹಕ್ಕೆ ಅಂಟ್ಕೊಳತ್ತೆ. ಬಾಚಣಿಗೆಯನ್ನ ತಲೆಗೆ ತಿಕ್ಕಿ ಪೇಪರ್ ಚೂರು ಎತ್ತಿದ ಆಟ ನೆನಪಿದ್ಯಲ್ಲ, ಅದೇ ತತ್ವ.

ಇಲ್ಲಿ ಒಂದು ಮಾತು ಗಮನಿಸಿ. ಕೊಕ್ಕೆ ಮೇಲೆ ಹಳೇ ಬಣ್ಣ ದಪ್ಪಗೆ ಕೂತಿದ್ರೆ ಅರ್ಥ್ ಸರಿಯಾಗಿ ಸಿಗಲ್ಲ, ಪುಡಿ ಸರಿಯಾಗಿ ಅಂಟಲ್ಲ. ಅಂದ್ರೆ ಅರ್ಥ್ ಇಲ್ದೆ ಪೌಡರ್ ಕೋಟಿಂಗ್ ಆಗೋದೇ ಇಲ್ಲ. ಆದ್ರೆ ಕೋಟಿಂಗ್ ಆದ್ಮೇಲೆ ಅದೇ ಪದರ ಅರ್ಥ್‌ಗೆ ಅಡ್ಡ ನಿಲ್ಲತ್ತೆ. ಈ ವಿಷಯಕ್ಕೆ ಮತ್ತೆ ಬರ್ತೀನಿ.

ಪುಡಿ ಕೂತ ಮೇಲೆ ಡಬ್ಬ ಓವನ್‌ಗೆ ಹೋಗತ್ತೆ. ಸಾಮಾನ್ಯ ಪುಡಿಗೆ ಲೋಹದ ಉಷ್ಣತೆ 180ರಿಂದ 200 ಡಿಗ್ರಿ ಮುಟ್ಟಿ, ಅಲ್ಲೇ ಸುಮಾರು 10ರಿಂದ 20 ನಿಮಿಷ ಇರ್ಬೇಕು. ಓವನ್‌ನ ಗಾಳಿಯ ಉಷ್ಣತೆ ಅಲ್ಲ, ಲೋಹದ ಉಷ್ಣತೆ. ತೆಳು ತಗಡು ಬೇಗ ಕಾಯತ್ತೆ, ದಪ್ಪ ಹೀಟ್ ಸಿಂಕ್ ನಿಧಾನವಾಗಿ ಕಾಯತ್ತೆ. ಎರಡನ್ನೂ ಒಟ್ಟಿಗೆ ಹಾಕಿ ಒಟ್ಟಿಗೆ ತೆಗೆದ್ರೆ ಒಂದು ಹಸಿಯಾಗೇ ಉಳಿಯಬಹುದು.

ಒಳಗೆ ಆಗೋದು ಬರೀ ಕರಗೋದಲ್ಲ. ಬೆಲ್ಲ ಕಾಯಿಸಿದ್ರೆ ಕರಗತ್ತೆ, ಆರಿದ್ರೆ ಗಟ್ಟಿ, ಮತ್ತೆ ಕಾಯಿಸಿದ್ರೆ ಮತ್ತೆ ಕರಗತ್ತೆ. ಅದು ಥರ್ಮೋಪ್ಲಾಸ್ಟಿಕ್ ಥರ. ಇಡ್ಲಿ ಹಿಟ್ಟು ಹಾಗಲ್ಲ. ಒಂದ್ಸಲ ಬೆಂದ್ರೆ ಮತ್ತೆಷ್ಟು ಬಿಸಿ ಮಾಡಿದ್ರೂ ವಾಪಸ್ ಹಿಟ್ಟಾಗಲ್ಲ. ನಮ್ಮ ಪುಡಿ ಇಡ್ಲಿ ಜಾತಿ, ಅಂದ್ರೆ ಥರ್ಮೋಸೆಟ್. ಅಣುಗಳು ಒಂದಕ್ಕೊಂದು ಕೊಂಡಿ ಹಾಕ್ಕೊಂಡು ಬಲೆ ಆಗ್ತವೆ. ಅದಕ್ಕೇ ಇದು ಸ್ಪ್ರೇ ಪೇಂಟ್‌ಗಿಂತ ಗಟ್ಟಿ.

ಮೊದಲು ಸ್ನಾನ, ಆಮೇಲೆ ಅಲಂಕಾರ

ಕೋಟಿಂಗ್ ಎದ್ದು ಬರೋಕೆ ಮುಖ್ಯ ಕಾರಣ ಪುಡಿ ಅಲ್ಲ, ಅದರ ಕೆಳಗಿರೋ ಜಿಡ್ಡು ಮತ್ತು ತುಕ್ಕು. ಸಿಆರ್ ಶೀಟ್ ಮೇಲೆ ಫ್ಯಾಕ್ಟರಿಯಿಂದಲೇ ಎಣ್ಣೆ ಇರತ್ತೆ, ಅದರ ಮೇಲೆ ನಮ್ಮ ಬೆರಳಿನ ಗುರುತು ಬೇರೆ. ಅದಕ್ಕೇ ಶಾಪ್‌ಗಳಲ್ಲಿ ‘ಸೆವೆನ್ ಟ್ಯಾಂಕ್’ ಅಂತ ಒಂದು ಸಾಲು ತೊಟ್ಟಿ ಇರತ್ತೆ: ಜಿಡ್ಡು ತೆಗೆಯೋದು, ತೊಳೆಯೋದು, ಆಸಿಡ್‌ನಲ್ಲಿ ತುಕ್ಕು ತೆಗೆಯೋದು, ತೊಳೆಯೋದು, ಫಾಸ್ಫೇಟಿಂಗ್, ತೊಳೆಯೋದು, ಪ್ಯಾಸಿವೇಶನ್. ಫಾಸ್ಫೇಟ್ ಹರಳುಗಳು ಕಬ್ಬಿಣದ ಮೇಲೆ ಒರಟು ಪದರ ಕಟ್ತವೆ, ಪುಡಿಗೆ ಹಿಡಿತ ಸಿಗತ್ತೆ. ಅಲ್ಯೂಮಿನಿಯಂಗೆ ಬೇರೆ ಟ್ರೀಟ್‌ಮೆಂಟ್ ಬೇಕು. ಹಾಗಾಗಿ ಯಾವ ಲೋಹ ಅಂತ ಶಾಪ್‌ನವರಿಗೆ ಮೊದಲೇ ಹೇಳ್ಬೇಕು.

ಮೂಲೆಗೆ ಪುಡಿ ಯಾಕೆ ಹೋಗಲ್ಲ?

ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ಬರೋ ಫ್ಯಾರಡೆ ಕೇಜ್ ಎಕ್ಸಾಮ್ ಮುಗಿದ ದಿನವೇ ಮರೆತುಹೋಗಿರತ್ತೆ. ಅದು ಇಲ್ಲಿ ಕಣ್ಣಿಗೆ ಕಾಣತ್ತೆ. ಡಬ್ಬದ ಒಳಮೂಲೆಗೆ ಗನ್ ಹಿಡಿದ್ರೆ ಪುಡಿ ಒಳಗೆ ಹೋಗೋ ಬದಲು ಬಾಯಿಯ ಅಂಚಿಗೇ ಹೋಗಿ ಕೂರತ್ತೆ. ಎಲೆಕ್ಟ್ರಿಕ್ ಫೀಲ್ಡ್ ರೇಖೆಗಳು ಹತ್ತಿರ ಇರೋ ಅರ್ಥ್ ಆದ ಅಂಚಲ್ಲೇ ಮುಗಿದುಹೋಗ್ತವೆ, ಒಳಮೂಲೆಯಲ್ಲಿ ಫೀಲ್ಡ್ ಇರೋದೇ ಇಲ್ಲ ಅನ್ನೋಷ್ಟು ಕಡಿಮೆ. ಗಾಳಿ ಕಿಂಡಿಗಳ ಒಳಬದಿ, ಹೀಟ್ ಸಿಂಕ್‌ನ ರೆಕ್ಕೆಗಳ ನಡುವೆ ಇದೇ ಕಥೆ.

ಅನುಭವ ಇರೋ ಕೆಲಸಗಾರರು ವೋಲ್ಟೇಜ್ ಇಳಿಸಿ, ಗಾಳಿ ಹದ ಮಾಡಿ, ಮೊದಲು ಮೂಲೆ ಮುಗಿಸಿ ಆಮೇಲೆ ಚಪ್ಪಟೆ ಭಾಗಕ್ಕೆ ಬರ್ತಾರೆ. ನಮ್ಮ ಕಡೆಯಿಂದ ಮಾಡ್ಬಹುದಾದ ಸಹಾಯ ಡಿಸೈನ್‌ನಲ್ಲಿದೆ: ಒಂದೇ ಆಳವಾದ ಡಬ್ಬ ಮಾಡೋ ಬದಲು ತಳ, ಮುಚ್ಚಳ, ಮುಂದಿನ ಪ್ಯಾನೆಲ್, ಹಿಂದಿನ ಪ್ಯಾನೆಲ್ ಅಂತ ಬಿಡಿ ಬಿಡಿಯಾಗಿ ಮಾಡಿ ಕೊಡೋದು. ಕೋಟಿಂಗ್ ಚೆನ್ನಾಗಿ ಕೂರತ್ತೆ. ಆದ್ರೆ ಅಲ್ಲೇ ಮುಂದಿನ ಸಮಸ್ಯೆ ಹುಟ್ಟೋದು.

ಚೆಂದದ ಡಬ್ಬ, ಕಡಿದುಹೋದ ಅರ್ಥ್

ಗಟ್ಟಿಯಾದ ಪದರದ ದಪ್ಪ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್. ಕೂದಲಿನಷ್ಟು. ಆದ್ರೆ ಅದು ಒಳ್ಳೇ ಇನ್ಸುಲೇಟರ್. ನಾಲ್ಕು ಪ್ಯಾನೆಲ್‌ಗೂ ಎರಡೂ ಬದಿ ಕೋಟಿಂಗ್ ಹಾಕಿಸಿ ಸ್ಕ್ರೂ ಬಿಗಿದ್ರೆ ಹೊರಗಿನಿಂದ ಒಂದು ಲೋಹದ ಡಬ್ಬ. ಮಲ್ಟಿಮೀಟರ್ ಇಟ್ಟು ನೋಡಿದ್ರೆ ನಾಲ್ಕು ಬೇರೆ ಬೇರೆ ತಗಡು. ಒಂದಕ್ಕೊಂದು ಸಂಬಂಧ ಇಲ್ಲ.

ಲೋಹದ ಡಬ್ಬದಲ್ಲಿ ಮೇನ್ಸ್ ಇದ್ರೆ ಸೇಫ್ಟಿ ನಿಂತಿರೋದು ಒಂದೇ ಭರವಸೆ ಮೇಲೆ. ಒಳಗೆ ಲೈವ್ ವೈರ್ ಕಿತ್ತು ಡಬ್ಬಕ್ಕೆ ತಾಗಿದ್ರೆ, ಡಬ್ಬ ಅರ್ಥ್ ಆಗಿರೋದ್ರಿಂದ ದೊಡ್ಡ ಕರೆಂಟ್ ಹರೀಬೇಕು, ಫ್ಯೂಸ್ ತಕ್ಷಣ ಹೋಗ್ಬೇಕು. ಲೆಕ್ಕ ಹಾಕೋಣ. ಮನೆ ವೈರಿಂಗ್ ಎಲ್ಲ ಸೇರಿ ದಾರಿಯಲ್ಲಿ 1 ಓಮ್ ಇದೆ ಅಂದ್ಕೊಳ್ಳಿ. ಕರೆಂಟ್ 230 ಆಂಪಿಯರ್. ಫ್ಯೂಸ್ ಕಣ್ಣು ಮಿಟುಕಿಸೋದ್ರಲ್ಲಿ ಹೋಯ್ತು.

ಈಗ ಮುಚ್ಚಳದ ಅರ್ಥ್ ಸಂಪರ್ಕ ಬರೀ ಸ್ಕ್ರೂ ಥ್ರೆಡ್ ಎಲ್ಲೋ ಕೋಟಿಂಗ್ ಗೀಚಿದ ಜಾಗದಿಂದ ಬರ್ತಿದೆ, ಅಲ್ಲಿ 50 ಓಮ್ ಇದೆ ಅಂದ್ಕೊಳ್ಳಿ. ಕರೆಂಟ್ ಸುಮಾರು 4.5 ಆಂಪಿಯರ್. ಗೋಡೆಯ 16 ಆಂಪಿಯರ್ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ. ಆಂಪ್‌ನ 3.15 ಆಂಪಿಯರ್ ಗಾಜಿನ ಫ್ಯೂಸ್‌ಗೂ ಇದು ಒಂದೂವರೆ ಪಟ್ಟಿಗಿಂತ ಕಡಿಮೆ. ಅಷ್ಟು ಓವರ್‌ಲೋಡ್ ಬಹಳ ಹೊತ್ತು ತಡೆಯೋ ಹಾಗೇ ಆ ಫ್ಯೂಸ್ ಮಾಡಿರ್ತಾರೆ. ಅಷ್ಟು ಹೊತ್ತೂ ಮುಚ್ಚಳದ ಮೇಲೆ ಹತ್ತಿರ ಹತ್ತಿರ 230 ವೋಲ್ಟ್ ಕೂತಿರತ್ತೆ. ಸಂಪರ್ಕ ಪೂರ್ತಿ ಇಲ್ದೇ ಇದ್ರೆ ಇನ್ನೂ ಕೆಟ್ಟದು: ಯಾರೋ ಮುಟ್ಟೋ ತನಕ ಕರೆಂಟೇ ಹರಿಯಲ್ಲ, ಏನೂ ಗೊತ್ತಾಗಲ್ಲ. ಬೋರ್ಡ್‌ನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇದ್ರೆ ಅದು ಕಾಪಾಡತ್ತೆ, ಆದ್ರೆ ಎಲ್ಲ ಹಳೇ ಮನೆಗಳಲ್ಲೂ ಅದು ಇರಲ್ಲ.

‘ಒಳಗೂ ಹೊರಗೂ ಕೋಟಿಂಗ್ ಇದ್ಯಲ್ಲ, ಅದೇ ಇನ್ಸುಲೇಶನ್ ಅಲ್ವಾ?’ ಅಂತ ಕೇಳ್ಬಹುದು. ಅಲ್ಲ. ಸ್ಕ್ರೂ ತಲೆ ಬರಿ ಲೋಹ. ವಾಲ್ಯೂಮ್ ಪಾಟ್‌ನ ಶಾಫ್ಟ್, ಸ್ವಿಚ್‌ನ ನಟ್ ಬರಿ ಲೋಹ. ಚೂಪು ಅಂಚಲ್ಲಿ ಕೋಟಿಂಗ್ ತೆಳುವಾಗಿರತ್ತೆ, ಸೂಜಿಮೊನೆಯಷ್ಟು ತೂತುಗಳು ಎಲ್ಲಾದ್ರೂ ಇದ್ದೇ ಇರ್ತವೆ. ಸೇಫ್ಟಿ ಸ್ಟಾಂಡರ್ಡ್‌ಗಳು ಬಣ್ಣವನ್ನ ಇನ್ಸುಲೇಶನ್ ಅಂತ ಲೆಕ್ಕಕ್ಕೆ ತಗೊಳ್ಳೋದೇ ಇಲ್ಲ. ಅಂದ್ರೆ ಈ ಪದರ ಅರ್ಥ್ ಕಡಿಯೋಷ್ಟು ಒಳ್ಳೇ ಇನ್ಸುಲೇಟರ್, ಆದ್ರೆ ನಮ್ಮನ್ನ ಉಳಿಸೋಷ್ಟು ಒಳ್ಳೇದಲ್ಲ.

ಪರಿಹಾರ ಕಷ್ಟ ಇಲ್ಲ, ಆದ್ರೆ ಕೋಟಿಂಗ್‌ಗೆ ಮುಂಚೆ ಯೋಚನೆ ಮಾಡಿರ್ಬೇಕು. ಪವರ್ ಸಾಕೆಟ್ ಪಕ್ಕದಲ್ಲೇ ಅರ್ಥ್‌ಗೆ ಅಂತಲೇ ಒಂದು ಎಂ4 ಬೋಲ್ಟ್ ಇಡಿ. ಅದರ ಸುತ್ತ ನಾಣ್ಯದಗಲ ಜಾಗವನ್ನ ಮಾಸ್ಕ್ ಮಾಡಿಸಿ, ಲೋಹ ಬರಿದಾಗಿ ಉಳೀಲಿ. ಹಸಿರು-ಹಳದಿ ವೈರ್‌ಗೆ ರಿಂಗ್ ಲಗ್ ಕ್ರಿಂಪ್ ಮಾಡಿ, ಹಲ್ಲಿರೋ ಸ್ಟಾರ್ ವಾಷರ್ ಹಾಕಿ ಬಿಗೀರಿ. ಟ್ರಾನ್ಸ್‌ಫಾರ್ಮರ್ ಕೂರಿಸಿದ ಬೋಲ್ಟನ್ನೇ ಅರ್ಥ್‌ಗೂ ಬಳಸಬೇಡಿ. ಯಾರಾದ್ರೂ ಟ್ರಾನ್ಸ್‌ಫಾರ್ಮರ್ ಬದಲಾಯಿಸಿದ ದಿನ ಅರ್ಥ್ ಕೂಡ ಸಡಿಲ ಆಗತ್ತೆ. ಆಮೇಲೆ ಪ್ರತಿ ಪ್ಯಾನೆಲ್‌ಗೂ ಅದೇ ಥರ ಒಂದು ಬರಿ ಜಾಗ, ಒಂದು ಲಗ್, ಒಂದು ಜಂಪರ್ ವೈರ್. ಮುಚ್ಚಳಕ್ಕೂ ಸೇರಿಸಿ.

ಅರ್ಥ್ ಪಿನ್‌ನಿಂದ ಯಾವ ಪ್ಯಾನೆಲ್‌ಗೆ ಅಳೆದ್ರೂ 0.1 ಓಮ್ ಒಳಗೆ ಇರ್ಬೇಕು ಅನ್ನೋದು ಒಳ್ಳೇ ಗುರಿ. ಮಾಮೂಲಿ ಮಲ್ಟಿಮೀಟರ್‌ನಲ್ಲಿ ಲೀಡ್‌ಗಳದ್ದೇ 0.2, 0.3 ಓಮ್ ತೋರಿಸ್ಬಹುದು. ಹಾಗಾಗಿ ಮೊದಲು ಎರಡು ಲೀಡ್ ಮುಟ್ಟಿಸಿ ಎಷ್ಟು ಬರತ್ತೆ ನೋಡಿ, ಪ್ಯಾನೆಲ್ ಮೇಲೆ ಅದಕ್ಕಿಂತ ಹೆಚ್ಚು ಬರಬಾರದು. ಬರೀ ‘ಬೀಪ್’ ಬಂದ್ರೆ ಸಾಲದು, ಎಷ್ಟೋ ಮೀಟರ್‌ಗಳು ಹತ್ತಾರು ಓಮ್ ಇದ್ರೂ ಬೀಪ್ ಮಾಡ್ತವೆ.

ಗುಂಯ್ ಅನ್ನೋ ಸದ್ದು

ಸಂಪರ್ಕ ಇಲ್ಲದ ಪ್ಯಾನೆಲ್ ಇನ್ನೊಂದು ರೀತಿ ಕಾಟ ಕೊಡತ್ತೆ. ಅರ್ಥ್ ಆದ ಲೋಹದ ಡಬ್ಬ ಹೊರಗಿನ ಎಲೆಕ್ಟ್ರಿಕ್ ಫೀಲ್ಡ್‌ನಿಂದ ಒಳಗಿನ ಸಿಗ್ನಲ್‌ಗೆ ರಕ್ಷಣೆ. ಮುಚ್ಚಳ ತೇಲಾಡ್ತಿದ್ರೆ ಅದು ರಕ್ಷಣೆ ಅಲ್ಲ, ಆಂಟೆನಾ. ಸುತ್ತಲಿನ ವೈರಿಂಗ್‌ನ 50 ಹರ್ಟ್ಸ್ ಹಮ್ ಹಿಡಿದು ಪ್ರೀ ಆಂಪ್‌ಗೆ ದಾಟಿಸತ್ತೆ. ಮುಚ್ಚಳದ ಹತ್ತಿರ ಕೈ ತಂದ್ರೆ ಹಮ್ ಹೆಚ್ಚು ಕಡಿಮೆ ಆಗ್ತಿದ್ರೆ ಮೊದಲು ಅನುಮಾನ ಪಡ್ಬೇಕಾದ್ದು ಇದನ್ನೇ.

ವಾಲ್ಯೂಮ್ ಪಾಟ್ ಕೂಡ ಹಾಗೇ. ಬರಿ ಪ್ಯಾನೆಲ್‌ನಲ್ಲಿ ನಟ್ ಬಿಗಿದ ಕೂಡಲೇ ಪಾಟ್‌ನ ಲೋಹದ ಮೈ ಡಬ್ಬಕ್ಕೆ ಸೇರ್ತಿತ್ತು. ಕೋಟಿಂಗ್ ಬಂದ ಮೇಲೆ ಸೇರಲ್ಲ. ಲೋಹದ ನಾಬ್ ಮುಟ್ಟಿದ ತಕ್ಷಣ ‘ಗುಂಯ್’ ಶುರು. ಪಾಟ್ ಹಿಂದಿನ ಜಾಗ ಮಾಸ್ಕ್ ಮಾಡಿ, ಇಲ್ಲಾಂದ್ರೆ ಪಾಟ್ ಮೈಗೆ ಒಂದು ವೈರ್ ಕೊಡಿ. ಇನ್ನೊಂದು ಮಾತು: ಒಳಗೆ ಬ್ಲೂಟೂತ್ ಬೋರ್ಡ್ ಇದ್ರೆ ಇದೇ ಡಬ್ಬ ಅದರ ಸಿಗ್ನಲನ್ನೂ ತಡೆಯತ್ತೆ. ಆಂಟೆನಾ ಹೊರಗೆ ತರೋಕೆ ತೂತು ಈಗಲೇ ಯೋಚಿಸಿ.

ಬಿಸಿ: ಅರ್ಧ ಒಳ್ಳೇದು, ಅರ್ಧ ಕೆಟ್ಟದ್ದು

‘ಕಪ್ಪು ಬಣ್ಣ ಹಾಕಿದ್ರೆ ಬಿಸಿ ಬೇಗ ಹೋಗತ್ತೆ’ ಅಂತ ಸೀನಿಯರ್‌ಗಳು ಹೇಳ್ತಾರೆ. ಪೂರ್ತಿ ಸುಳ್ಳಲ್ಲ. ಹೊಳೆಯೋ ಬರಿ ಅಲ್ಯೂಮಿನಿಯಂನ ಎಮಿಸಿವಿಟಿ ಸುಮಾರು 0.1 ಅಥವಾ ಅದಕ್ಕಿಂತ ಕಡಿಮೆ, ಪೌಡರ್ ಕೋಟಿಂಗ್‌ದು 0.9ರ ಹತ್ತಿರ. 30 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಡಬ್ಬ ತಗೊಳ್ಳಿ. ತಳ ಬಿಟ್ಟು ಉಳಿದ ಮೇಲ್ಮೈ ಸುಮಾರು 0.2 ಚದರ ಮೀಟರ್. ಡಬ್ಬ 50 ಡಿಗ್ರಿ, ರೂಮ್ 30 ಡಿಗ್ರಿ ಇದ್ರೆ ಸ್ಟೀಫನ್-ಬೋಲ್ಟ್ಸ್‌ಮನ್ ಸೂತ್ರದ ಪ್ರಕಾರ ಬರಿ ಅಲ್ಯೂಮಿನಿಯಂ ವಿಕಿರಣದಿಂದ ಹೊರಹಾಕೋದು ಸುಮಾರು 3 ವ್ಯಾಟ್, ಕೋಟಿಂಗ್ ಆದದ್ದು ಸುಮಾರು 25 ವ್ಯಾಟ್. ದೊಡ್ಡ ವ್ಯತ್ಯಾಸ. ಆದ್ರೆ ಇದಕ್ಕೆ ಕಪ್ಪೇ ಬೇಕು ಅಂತಿಲ್ಲ. ಈ ಉಷ್ಣತೆಯಲ್ಲಿ ವಿಕಿರಣ ಇನ್‌ಫ್ರಾರೆಡ್‌ನಲ್ಲಿ ಹೋಗತ್ತೆ, ಅಲ್ಲಿ ಬಿಳಿ ಕೋಟಿಂಗೂ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ಕೆಲಸ ಮಾಡತ್ತೆ. ಬಣ್ಣ ನಿಮ್ಮಿಷ್ಟ.

ಕೆಟ್ಟ ಭಾಗ ಚಿಪ್ ಕೂರೋ ಜಾಗದಲ್ಲಿದೆ. ಕೋಟಿಂಗ್‌ನ ಉಷ್ಣವಾಹಕತೆ ಸುಮಾರು 0.25 ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್. ಅಲ್ಯೂಮಿನಿಯಂಗೆ ಇದು ಇನ್ನೂರರ ಆಸುಪಾಸು. ಎಲ್‌ಎಂ3886ನ ಬೆನ್ನು ಸುಮಾರು 3 ಚದರ ಸೆಂ.ಮೀ. ನಡುವೆ 80 ಮೈಕ್ರಾನ್ ಕೋಟಿಂಗ್ ಇದ್ರೆ ಥರ್ಮಲ್ ರೆಸಿಸ್ಟೆನ್ಸ್ ಹೆಚ್ಚುಕಮ್ಮಿ 1 ಡಿಗ್ರಿ ಪ್ರತಿ ವ್ಯಾಟ್. ಚಿಪ್‌ನಲ್ಲಿ 30 ವ್ಯಾಟ್ ಬಿಸಿ ಆಗ್ತಿದ್ರೆ ಕೂದಲಿನಷ್ಟು ಬಣ್ಣಕ್ಕೇ 30 ಡಿಗ್ರಿ ಹೆಚ್ಚುವರಿ. ಜೋರಾಗಿ ಹಾಡು ಹಾಕಿದಾಗ ಚಿಪ್ ತನ್ನ ರಕ್ಷಣೆಗೆ ಸೌಂಡ್ ಕಡಿಯೋಕೆ ಶುರು ಮಾಡಿದ್ರೆ ಆಶ್ಚರ್ಯ ಇಲ್ಲ. ಆ ಜಾಗ ಮಾಸ್ಕ್ ಆಗ್ಲೇಬೇಕು.

ಹಾಗೇ, ಲೋಹದ ಬೆನ್ನಿರೋ ಎಲ್‌ಎಂ3886ಟಿ ಚಿಪ್‌ನ ಟ್ಯಾಬ್ ನೆಗೆಟಿವ್ ಸಪ್ಲೈಗೆ ಸೇರಿರತ್ತೆ. ಕೋಟಿಂಗ್ ಇದೆ ಅಂತ ಮೈಕಾ ಅಥವಾ ಸಿಲಿಕೋನ್ ಪ್ಯಾಡ್ ಬಿಡಬೇಡಿ. ಒಂದು ಸೂಜಿತೂತು ಸಾಕು ಶಾರ್ಟ್ ಆಗೋಕೆ.

ತೂತು, ಥ್ರೆಡ್, ಅಂಚು

ಕೋಟಿಂಗ್ ತೂತಿನ ಒಳಗೋಡೆಗೂ ಕೂರತ್ತೆ. 75 ಮೈಕ್ರಾನ್ ಅಂದ್ರೆ ವ್ಯಾಸದಲ್ಲಿ 0.15 ಮಿ.ಮೀ. ಕಡಿಮೆ. ಎಂ3 ಸ್ಕ್ರೂಗೆ 3.2 ಮಿ.ಮೀ. ತೂತು ಹಾಕಿದ್ರೆ ಉಳಿಯೋದು 3.05. ನಾಲ್ಕು ತೂತಲ್ಲಿ ಒಂದು ಸ್ವಲ್ಪ ಆಚೀಚೆ ಆದ್ರೂ ಸ್ಕ್ರೂ ಹೋಗಲ್ಲ. ಡ್ರಾಯಿಂಗ್‌ನಲ್ಲೇ 3.4 ಅಥವಾ 3.5 ಇಡಿ. ಪವರ್ ಸಾಕೆಟ್, ಸ್ವಿಚ್, ಆರ್‌ಸಿಎ ಜ್ಯಾಕ್‌ಗಳ ಕಟ್ಟಿಂಗ್‌ಗೂ ಅದೇ ನಿಯಮ. ಒಂದರೊಳಗೊಂದು ಜಾರೋ ಮುಚ್ಚಳ ಇದ್ರೆ ಎರಡೂ ಮುಖದ ದಪ್ಪ ಕೂಡಿಸ್ಕೊಳ್ಳಿ.

ಟ್ಯಾಪ್ ಹಾಕಿದ ಥ್ರೆಡ್‌ಗೆ ಸಿಲಿಕೋನ್ ಪ್ಲಗ್ ತುರುಕಿ, ಇಲ್ಲಾಂದ್ರೆ ಹಳೇ ಸ್ಕ್ರೂ ಹಾಕಿ ಕಳಿಸಿ. ಚಪ್ಪಟೆ ಜಾಗಕ್ಕೆ ಓವನ್ ಬಿಸಿ ತಡೆಯೋ ಪಾಲಿಯೆಸ್ಟರ್ ಅಥವಾ ಪಾಲಿಇಮೈಡ್ ಟೇಪ್ ಬೇಕು. ಮಾಮೂಲಿ ಸೆಲ್ಲೋ ಟೇಪ್ ಅಲ್ಲೇ ಸುಟ್ಟು ಅಂಟತ್ತೆ. ಚೂಪು ಅಂಚನ್ನೆಲ್ಲ ಫೈಲ್ ಹಾಕಿ ದುಂಡು ಮಾಡಿ. ಓವನ್‌ನಲ್ಲಿ ಪುಡಿ ಕರಗಿದಾಗ ಚೂಪು ಅಂಚಿಂದ ಹಿಂದೆ ಸರಿಯತ್ತೆ, ತುಕ್ಕು ಮೊದಲು ಶುರುವಾಗೋದು ಅಲ್ಲೇ.

ಓವನ್‌ಗೆ ಹೋಗೋದ್ರಿಂದ ಬೆಸುಗೆ ಹಾಕಿದ ಯಾವುದೂ ಡಬ್ಬದಲ್ಲಿರಬಾರದು. ನಾವು ಲ್ಯಾಬ್‌ನಲ್ಲಿ ಬಳಸೋ 63/37 ಸೋಲ್ಡರ್ 183 ಡಿಗ್ರಿಗೇ ಕರಗತ್ತೆ. ರಬ್ಬರ್ ಕಾಲು, ಪ್ಲಾಸ್ಟಿಕ್ ಗ್ರೊಮೆಟ್ ಎಲ್ಲ ಮೊದಲೇ ತೆಗೀರಿ.

ಕೊಡೋಕೆ ಹೋದಾಗ

ಶಾಪ್‌ನಲ್ಲಿ ಸಾಮಾನ್ಯವಾಗಿ ಕೇಳೋದು ‘ಯಾವ ಶೇಡ್?’ ಅಂತ. ಆರ್‌ಎಎಲ್ ನಂಬರ್ ಹೇಳಿದ್ರೆ ಗೊಂದಲ ಇಲ್ಲ: 9005 ಕಡುಗಪ್ಪು, 7016 ಇದ್ದಿಲು ಬೂದು, 7035 ಎಲೆಕ್ಟ್ರಿಕಲ್ ಪ್ಯಾನೆಲ್‌ಗಳಲ್ಲಿ ಕಾಣೋ ತಿಳಿ ಬೂದು. ಗ್ಲಾಸ್‌ನಲ್ಲಿ ಪ್ರತಿ ಬೆರಳಚ್ಚೂ ಕಾಣತ್ತೆ. ಸಣ್ಣ ಟೆಕ್ಸ್ಚರ್ ಬೆಂಡಿಂಗ್ ಗೀರುಗಳನ್ನೂ ಮುಚ್ಚತ್ತೆ. ಒಂದೇ ಡಬ್ಬಕ್ಕೆ ಅಂತ ಅವರು ಗನ್ ತೊಳೆದು ಪುಡಿ ಬದಲಾಯಿಸೋದು ಕಷ್ಟ, ಹಾಗಾಗಿ ಆ ವಾರ ಅವರ ಹತ್ರ ಓಡ್ತಿರೋ ಬಣ್ಣ ಯಾವುದು ಅಂತ ಕೇಳಿ, ಅದರ ಜೊತೆ ಸೇರಿಸೋಕೆ ಒಪ್ಪಿಸೋದು ಜಾಣತನ. ನಾಲ್ಕೈದು ಜನ ಸೇರಿ ಒಟ್ಟಿಗೆ ಕೊಟ್ರೆ ಇನ್ನೂ ಒಳ್ಳೇದು.

ಶೇಡ್‌ಗಿಂತ ಮುಖ್ಯ ಒಂದು ಕಾಗದ. ಡ್ರಾಯಿಂಗ್ ಪ್ರಿಂಟ್ ತೆಗೆದು, ಕೋಟಿಂಗ್ ಬೇಡದ ಜಾಗಕ್ಕೆಲ್ಲ ಕೆಂಪು ಗೆರೆ ಹಾಕಿ ಕೊಡಿ: ಅರ್ಥ್ ಬೋಲ್ಟ್, ಪ್ರತಿ ಪ್ಯಾನೆಲ್‌ನ ಲಗ್ ಜಾಗ, ಪಾಟ್ ಹಿಂಬದಿ, ಚಿಪ್ ಕೂರೋ ಜಾಗ, ಥ್ರೆಡ್‌ಗಳು. ‘ಅಣ್ಣ, ಇಲ್ಲೆಲ್ಲ ಬೇಡ’ ಅಂತ ಬಾಯಲ್ಲಿ ಹೇಳಿ ಬಂದ್ರೆ ನೂರಾರು ಪೀಸ್ ನಡುವೆ ಯಾರಿಗೆ ನೆನಪಿರತ್ತೆ? ಸಾಧ್ಯವಾದ್ರೆ ಮಾಸ್ಕಿಂಗ್ ನಾವೇ ನಿಂತು ಮಾಡೋದು ಉತ್ತಮ, ತೊಟ್ಟಿಯಿಂದ ಬಂದ ಮೇಲೆ, ಗನ್‌ಗೆ ಮುಂಚೆ.

ಇದನ್ನ ಹಾಸ್ಟೆಲ್ ರೂಮ್‌ನಲ್ಲೇ ಮಾಡೋ ವಿಡಿಯೋಗಳು ಸಿಗ್ತವೆ. ಬೇಡ. ಗಾಳಿಯಲ್ಲಿ ಹರಡಿದ ನುಣ್ಣನೆ ಪುಡಿಗೆ ಕಿಡಿ ತಗುಲಿದ್ರೆ ಸ್ಫೋಟ ಆಗಬಹುದು, ಶಾಪ್‌ಗಳಲ್ಲಿ ಪುಡಿ ಎಳೆದುಕೊಳ್ಳೋ ಬೂತ್ ಇರೋದು ಸುಮ್ನೆ ಅಲ್ಲ. ಅಡುಗೆ ಮಾಡೋ ಓವನ್‌ನಲ್ಲಂತೂ ಬೇಡವೇ ಬೇಡ.

ಡಬ್ಬ ವಾಪಸ್ ಬಂದಾಗ ಫೋಟೋ ತೆಗೆಯೋ ಮುಂಚೆ ಮಲ್ಟಿಮೀಟರ್ ತೆಗೀರಿ. ಬರಿ ಬಿಟ್ಟ ಜಾಗಗಳು ನಿಜವಾಗ್ಲೂ ಬರಿದಾಗಿವೆಯಾ ನೋಡಿ, ಪುಡಿ ನುಗ್ಗಿದ್ದರೆ ಸ್ಯಾಂಡ್ ಪೇಪರ್ ಹಾಕಿ. ಲಗ್‌ಗಳೆಲ್ಲ ಬಿಗಿದ ಮೇಲೆ ಕಬ್ಬಿಣದ ಬರಿ ಭಾಗಕ್ಕೆ ತುಕ್ಕು ಬರದ ಹಾಗೆ ತೆಳುವಾಗಿ ವ್ಯಾಸಲಿನ್ ಸವರಿ. ಆಮೇಲೆ ಮೇನ್ಸ್ ಪ್ಲಗ್ ಹಾಕದೇ, ಪವರ್ ಸಾಕೆಟ್‌ನ ಅರ್ಥ್ ಪಿನ್‌ಗೆ ಒಂದು ಲೀಡ್ ಇಟ್ಟು, ಇನ್ನೊಂದನ್ನ ತಳ, ಮುಂದೆ, ಹಿಂದೆ, ಮುಚ್ಚಳ, ಪಾಟ್ ಶಾಫ್ಟ್, ಪ್ರತಿ ಸ್ಕ್ರೂ ತಲೆಗೆ ಮುಟ್ಟಿಸ್ತಾ ಹೋಗಿ. ಎರಡು ನಿಮಿಷದ ಕೆಲಸ. ರಜೆಗೆ ಊರಿಗೆ ತಗೊಂಡು ಹೋದಾಗ ಆ ಆಂಪ್‌ನ ವಾಲ್ಯೂಮ್ ತಿರುಗಿಸೋರು ನಾವೊಬ್ಬರೇ ಅಲ್ಲ. ಅಮ್ಮ ಒರೆಸೋ ಬಟ್ಟೆ ಒದ್ದೆಯಾಗಿರತ್ತೆ, ತಮ್ಮ ಚಪ್ಪಲಿ ಹಾಕಿರಲ್ಲ.